ಮೌತ್ ಆರ್ಗನ್ ಸ್ಕ್ರೂಗೆ ತುಕ್ಕು: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆಗಾಲ ಮುಗಿಯುತ್ತಿದ್ದ ಹಾಗೆ ವಾದ್ಯಗಳ ಬಗ್ಗೆ ಪತ್ರಗಳು ಜಾಸ್ತಿ ಬರುತ್ತವೆ. ಈ ಸಲ ಮೌತ್ ಆರ್ಗನ್ ಸರದಿ. ಮೊದಲನೇ ಪತ್ರಕ್ಕೆ ಉದ್ದವಾಗಿಯೇ ಉತ್ತರಿಸಿದ್ದೇನೆ. ಉಳಿದವರೂ ಅದನ್ನು ಓದಿಕೊಳ್ಳಿ, ಹೇಳಿದ್ದನ್ನೇ ಮತ್ತೆ ಹೇಳುವುದು ತಪ್ಪುತ್ತದೆ.

ಪ್ರಶ್ನೆ: ಸರ್, ನಮ್ಮ ಮನೆ ಕುಂದಾಪುರದ ಹತ್ತಿರ, ಸಮುದ್ರಕ್ಕೆ ನಡೆದುಹೋಗುವಷ್ಟು ದೂರ. ನನ್ನ ಹತ್ತಿರ ಹತ್ತು ತೂತಿನ ಮೌತ್ ಆರ್ಗನ್ ಇದೆ, ನಡುವಿನ ಭಾಗ ಪ್ಲಾಸ್ಟಿಕ್. ಮಳೆಗಾಲದಲ್ಲಿ ಬಾಕ್ಸಿನಲ್ಲೇ ಇತ್ತು. ಈಗ ತೆಗೆದು ನೋಡಿದರೆ ಮೇಲಿನ ತಗಡು ಹಿಡಿದಿರುವ ಎರಡೂ ಸ್ಕ್ರೂ ಕಂದಾಗಿವೆ. ಒಂದು ಹೇಗೋ ಬಿಚ್ಚಿಕೊಂಡಿತು. ಇನ್ನೊಂದರ ತಲೆ ಸವೆದು ಸ್ಕ್ರೂಡ್ರೈವರ್ ಜಾರುತ್ತಿದೆ. ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದರೆ ಒಳಗಿನ ಸಣ್ಣ ಸ್ಕ್ರೂಗಳಲ್ಲೂ ಅಲ್ಲಲ್ಲಿ ತುಕ್ಕು ಕಾಣುತ್ತದೆ. ಸ್ವರ ಮಾತ್ರ ಚೆನ್ನಾಗೇ ಬರುತ್ತಿದೆ. ಹಾರ್ಡ್‌ವೇರ್ ಅಂಗಡಿಯವರು ತುಕ್ಕು ಬಿಡಿಸುವ ಡಬ್ಲ್ಯೂಡಿ-40 ಸ್ಪ್ರೇ ಹೊಡೆಯಿರಿ ಅಂದರು. ಬಾಯಿಗೆ ಇಡುವ ವಸ್ತು, ಧೈರ್ಯ ಬರಲಿಲ್ಲ. ಏನು ಮಾಡಲಿ?

ಉತ್ತರ: ಹೊಡೆಯದೆ ಬಿಟ್ಟದ್ದೇ ಸರಿ. ಬಾಗಿಲಿನ ತಿರುಗಣಿಗೆ, ಗೇಟಿನ ಬೀಗಕ್ಕೆ ಅದು ಒಳ್ಳೆಯ ಮಾಲು. ಆದರೆ ಸ್ಪ್ರೇ ಅಂದಮೇಲೆ ಅದು ಸ್ಕ್ರೂ ಒಂದಕ್ಕೇ ಹೋಗಿ ಕೂರುವುದಿಲ್ಲ, ತೂತಿನೊಳಗೆ, ಸ್ವರ ಕೊಡುವ ಸಣ್ಣ ಲೋಹದ ಪಟ್ಟಿಗಳಾದ ರೀಡ್‌ಗಳ ಮೇಲೆ, ಸಂದಿಗೊಂದಿಗೆಲ್ಲ ಹರಡುತ್ತದೆ, ಅದರ ಮೇಲೆ ಧೂಳು ಕೂರುತ್ತದೆ, ಆಮೇಲೆ ಅದರ ಮೇಲಿಂದ ಬಂದ ಗಾಳಿಯನ್ನೇ ನೀವು ಒಳಗೆ ಎಳೆದುಕೊಳ್ಳಬೇಕಾಗುತ್ತದೆ. ಮೌತ್ ಆರ್ಗನ್‌ನಲ್ಲಿ ಊದುವಷ್ಟೇ ಎಳೆಯುವುದೂ ಇದೆ ಅಲ್ವಾ.

ಸ್ವರ ಚೆನ್ನಾಗಿದೆ ಅಂದಿರಿ, ಅಲ್ಲಿಗೆ ವಾದ್ಯಕ್ಕೆ ಏನೂ ಆಗಿಲ್ಲ. ಸ್ವರ ಹುಟ್ಟುವುದು ರೀಡ್‌ನಿಂದ. ರೀಡ್ ಸಾಮಾನ್ಯವಾಗಿ ಹಿತ್ತಾಳೆಯದು. ಜಪಾನಿನ ಸುಜುಕಿ ವಾದ್ಯಗಳಲ್ಲಿ ಫಾಸ್ಫರ್ ಬ್ರಾಂಜ್ ಇರುತ್ತದೆ, ಜರ್ಮನಿಯ ಸೈಡೆಲ್‌ನ ಕೆಲವು ಮಾದರಿಗಳಲ್ಲಿ ಸ್ಟೇನ್‌ಲೆಸ್ ಸ್ಟೀಲ್. ಹಿತ್ತಾಳೆಗೆ, ಬ್ರಾಂಜ್‌ಗೆ ಈ ಕಂದು ತುಕ್ಕು ಬರುವುದೇ ಇಲ್ಲ. ತುಕ್ಕು ಬರುವುದು ಸಾದಾ ಉಕ್ಕಿನ ಸ್ಕ್ರೂಗೆ. ಸ್ಕ್ರೂ ಕೆಲವೇ ರೂಪಾಯಿಯ ವಸ್ತು, ರೀಡ್ ಹಾಳಾದರೆ ಅದನ್ನು ಸರಿಮಾಡುವವರು ನಮ್ಮ ಕಡೆ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಸ್ಕ್ರೂ ಉಳಿಸಲು ಹೋಗಿ ರೀಡ್ ಕೆಡಿಸಿಕೊಳ್ಳಬೇಡಿ. ಉಜ್ಜುವುದು, ನೆನೆಸುವುದು ಏನಿದ್ದರೂ ಸ್ಕ್ರೂ ಹೊರಗೆ ಬಂದ ಮೇಲೆ.

ಇಷ್ಟು ಬೇಗ ತುಕ್ಕು ಯಾಕೆ ಹಿಡಿಯಿತು ಅನ್ನುವುದಕ್ಕೆ ಸಮುದ್ರದ ಗಾಳಿ ಒಂದೇ ಕಾರಣ ಅಲ್ಲ. ಸ್ಕ್ರೂ ಮೇಲೆ ಸತುವಿನದ್ದೋ ನಿಕ್ಕಲ್‌ನದ್ದೋ ತೆಳ್ಳನೆಯ ಲೇಪ ಇರುತ್ತದೆ. ಸ್ಕ್ರೂಡ್ರೈವರ್ ಸರಿಯಾಗಿ ಕೂರದೆ ಒಂದು ಸಲ ಜಾರಿದರೆ ಸಾಕು, ಆ ಪ್ಲಸ್ ಗುರುತಿನ ಅಂಚಿನಲ್ಲಿ ಲೇಪ ಹೋಗುತ್ತದೆ, ತುಕ್ಕು ಶುರುವಾಗುವುದೂ ಅಲ್ಲಿಂದಲೇ. ಇನ್ನೊಂದು ವಿಷಯ, ಒಳಗಿನ ಸ್ಕ್ರೂಗಳು ರೀಡ್‌ಗಳನ್ನು ಕೂರಿಸಿದ ಹಿತ್ತಾಳೆ ಪ್ಲೇಟಿಗೆ ಅಂಟಿಕೊಂಡೇ ಇರುತ್ತವೆ. ಎರಡು ಬೇರೆ ಬೇರೆ ಲೋಹ ಒಂದಕ್ಕೊಂದು ತಾಗಿಕೊಂಡಿದ್ದು, ನಡುವೆ ಉಪ್ಪಿನಂಶದ ತೇವ ಸೇರಿದರೆ ಅಲ್ಲೊಂದು ಸಣ್ಣ ಬ್ಯಾಟರಿಯೇ ತಯಾರಾಗುತ್ತದೆ. ಅದರಲ್ಲಿ ಉಕ್ಕು ಸವೆಯುತ್ತದೆ, ಹಿತ್ತಾಳೆ ಉಳಿದುಕೊಳ್ಳುತ್ತದೆ. ಹಿತ್ತಾಳೆ ಪ್ಲೇಟ್ ದೊಡ್ಡದು, ಸ್ಕ್ರೂ ಚಿಕ್ಕದು, ಹಾಗಾಗಿ ಸವೆತ ಇನ್ನೂ ಜೋರು. ಉಪ್ಪು ಸಮುದ್ರದಿಂದಲೇ ಬರಬೇಕಂತಿಲ್ಲ, ಎಂಜಲಿನಲ್ಲೂ ಇದೆ. ಅದಕ್ಕೇ ಬಯಲುಸೀಮೆಯವರ ಮೌತ್ ಆರ್ಗನ್‌ಗೂ ತುಕ್ಕು ಬರುತ್ತದೆ, ಸ್ವಲ್ಪ ನಿಧಾನ ಅಷ್ಟೇ.

ಈಗ ಆ ಹಟಮಾರಿ ಸ್ಕ್ರೂ. ಮೊದಲು ವಾದ್ಯವನ್ನು ತಿರುಗಿಸಿ ಕೆಳಗಿನ ತಗಡು ನೋಡಿ. ಕೆಲವದರಲ್ಲಿ ಸ್ಕ್ರೂ ಮೇಲಿಂದ ಕೆಳಗಿನವರೆಗೆ ಹಾದು ಹೋಗಿ ಅಲ್ಲಿ ಒಂದು ಪುಟ್ಟ ನಟ್‌ಗೆ ಸಿಕ್ಕಿಕೊಂಡಿರುತ್ತದೆ. ಹಾಗಿದ್ದರೆ ಸವೆದ ತಲೆಯ ಗೊಡವೆಗೇ ಹೋಗಬೇಡಿ, ಸಣ್ಣ ಇಕ್ಕಳದಲ್ಲಿ ನಟ್ ಹಿಡಿದು ತಿರುಗಿಸಿ. ನಟ್ ಇಲ್ಲದಿದ್ದರೆ ಎಣ್ಣೆಯ ದಾರಿ. ಮೆಡಿಕಲ್ ಶಾಪಿನಲ್ಲಿ ಲಿಕ್ವಿಡ್ ಪ್ಯಾರಾಫಿನ್ ಕೇಳಿ, ಮಲಬದ್ಧತೆಗೆ ಕೊಡುವ ಎಣ್ಣೆ ಅದು, ಬಾಯಿಗೆ ತಾಗಿದರೂ ಭಯವಿಲ್ಲ. ಬೇರೆ ಔಷಧಿ, ಸಕ್ಕರೆ, ಪರಿಮಳ ಸೇರಿಸಿದ ಬಿಳಿ ಮಿಶ್ರಣ ಕೊಟ್ಟರೆ ವಾಪಸ್ ಮಾಡಿ, ನಮಗೆ ಬೇಕಾದ್ದು ನೀರಿನ ಹಾಗೆ ತಿಳಿಯಾಗಿರುವ ಸಾದಾ ಎಣ್ಣೆ. ಸೂಜಿಯ ತುದಿಯಲ್ಲಿ ಒಂದು ಹನಿ ತೆಗೆದು ಸ್ಕ್ರೂ ತಲೆಯ ಸುತ್ತ ಬಿಡಿ. ಇದು ಗ್ಯಾರೇಜಿನ ಎಣ್ಣೆಯಷ್ಟು ಬೇಗ ಇಳಿಯುವುದಿಲ್ಲ. ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಇನ್ನೊಂದು ಹನಿ. ಕೊಬ್ಬರಿ ಎಣ್ಣೆ ಮನೆಯಲ್ಲೇ ಇದೆಯಲ್ಲ ಅಂತ ಹಾಕಬೇಡಿ, ದಿನ ಕಳೆದ ಹಾಗೆ ಕಮಟು ವಾಸನೆ ಬರುತ್ತದೆ, ಅಂಟಾಗುತ್ತದೆ.

ಸ್ಕ್ರೂಡ್ರೈವರ್ ಸೈಜಿನ ಬಗ್ಗೆ ನನಗೆ ಹಟ ಇದೆ. ತಲೆ ಸವೆಯುವುದಕ್ಕೆ ತುಕ್ಕಿಗಿಂತ ದೊಡ್ಡ ಕಾರಣ ಒಂದು ಸೈಜ್ ಚಿಕ್ಕ ಸ್ಕ್ರೂಡ್ರೈವರ್. ಮನೆಯಲ್ಲಿ ಇರುವುದರಲ್ಲೇ ಮಾಡೋಣ ಅಂತ ಹೊರಟವರೆಲ್ಲ ಇಲ್ಲೇ ಸಿಕ್ಕಿಬೀಳುವುದು. ಮೊಬೈಲ್ ರಿಪೇರಿಗೆ ಬಳಸುವ ಸೆಟ್ ಒಂದು ತಂದು, ಗುಂಡಿಯಲ್ಲಿ ಅಲ್ಲಾಡದೆ ಕೂರುವ ತುದಿ ಯಾವುದು ನೋಡಿ. ಸ್ಕ್ರೂ ತಲೆ ಮೇಲೆ ಅಗಲವಾದ ರಬ್ಬರ್ ಬ್ಯಾಂಡಿನ ಒಂದು ತುಂಡು ಇಟ್ಟು ಅದರ ಮೇಲಿಂದ ಒತ್ತಿ. ಶಕ್ತಿಯ ಮುಕ್ಕಾಲು ಪಾಲು ಒತ್ತುವುದಕ್ಕೆ, ಕಾಲು ಪಾಲು ತಿರುಗಿಸುವುದಕ್ಕೆ. ಮೊದಲು ಬಿಗಿ ಮಾಡುವ ಕಡೆಗೆ ಒಂಚೂರು ತಿರುಗಿಸಿ, ತುಕ್ಕಿನ ಹಿಡಿತ ಟಕ್ ಅಂತ ಬಿಟ್ಟರೆ ಆಮೇಲೆ ಬಿಚ್ಚಿ. ಯಾರೋ ಸೋಲ್ಡರಿಂಗ್ ಐರನ್ ಬಿಸಿ ಮುಟ್ಟಿಸಿ ಅನ್ನುತ್ತಾರೆ. ನಡುವಿನ ಚೌಕಟ್ಟು ಮರದ್ದಾದರೆ ಒಂದು ಕ್ಷಣ ಆದೀತು, ನಿಮ್ಮದು ಪ್ಲಾಸ್ಟಿಕ್, ಕರಗಿ ಹೋಗುತ್ತದೆ, ಬೇಡ.

ಇಷ್ಟಕ್ಕೂ ಬರದಿದ್ದರೆ ಅಕ್ಕಸಾಲಿಗರ ಹತ್ತಿರ ಹೋಗಿ. ತಮಾಷೆ ಅಲ್ಲ. ಅವರ ಹತ್ತಿರ ಕೂದಲಿನಷ್ಟು ಸಣ್ಣ ಗರಗಸ ಇರುತ್ತದೆ, ಸವೆದ ತಲೆಯ ಮೇಲೆ ಅಡ್ಡಕ್ಕೆ ಒಂದು ಗೀಟು ಕೊಯ್ದು ಕೊಡುತ್ತಾರೆ, ಆಮೇಲೆ ಚಪ್ಪಟೆ ತುದಿಯ ಸ್ಕ್ರೂಡ್ರೈವರ್‌ಗೆ ಹಿಡಿತ ಸಿಗುತ್ತದೆ. ಕೊಯ್ಯುವ ಮೊದಲು ತೂತುಗಳಿಗೂ ಹಿಂಬದಿಗೂ ಟೇಪ್ ಅಂಟಿಸಿಕೊಂಡು ಹೋಗಿ. ಲೋಹದ ಪುಡಿಯ ಒಂದು ಕಣ ರೀಡ್ ಸಂದಿಗೆ ಬಿದ್ದರೂ ಆ ಸ್ವರ ಕಟ್ಟುತ್ತದೆ. ವಾಚ್ ರಿಪೇರಿಯವರಲ್ಲೂ ಈ ಕೆಲಸಕ್ಕೆ ಬೇಕಾದ ಕೈ ಇರುತ್ತದೆ.

ಸ್ಕ್ರೂ ಬಂತು ಅಂತಿಟ್ಟುಕೊಳ್ಳಿ. ಹಳೆಯದನ್ನೇ ಶುದ್ಧ ಮಾಡಬೇಕೆಂದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು, ವಿನೆಗರ್ ಆದರೂ ಸರಿ. ಒಂದು ಲೋಟದಲ್ಲಿ ಕರಗಿಸಿ ಸ್ಕ್ರೂ ಮಾತ್ರ ಹಾಕಿ, ಒಂದೆರಡು ಗಂಟೆ ಬಿಟ್ಟು ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ. ತುಕ್ಕು ಹೋಗುತ್ತದೆ. ಆಮೇಲೆ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ತೊಳೆದು ತಕ್ಷಣ ಒರೆಸಿ ಒಣಗಿಸಿ. ಆದರೆ ಹುಳಿಗೆ ತುಕ್ಕಿನ ಜೊತೆ ಉಳಿದ ಲೇಪವೂ ಹೋಗುತ್ತದೆ, ಬರಿ ಉಕ್ಕು ಉಳಿಯುತ್ತದೆ, ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಪತ್ರ ಬರೆಯಬೇಕಾದೀತು. ಹೊಸ ಸ್ಕ್ರೂ ಸಿಗುವವರೆಗೆ ಇದು ತಾತ್ಕಾಲಿಕ ಅಂದುಕೊಳ್ಳಿ.

ನನ್ನ ಸಲಹೆ ಬದಲಾಯಿಸಿಬಿಡಿ ಅಂತಲೇ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ. 304 ಅನ್ನುವ ದರ್ಜೆ ಸುಲಭವಾಗಿ ಸಿಗುತ್ತದೆ. 316 ಸಿಕ್ಕರೆ ಕರಾವಳಿಗೆ ಇನ್ನೂ ಒಳ್ಳೆಯದು, ಅದರಲ್ಲಿ ಮಾಲಿಬ್ಡಿನಂ ಸೇರಿರುವುದರಿಂದ ಉಪ್ಪಿನ ಗಾಳಿಯನ್ನು ಜಾಸ್ತಿ ತಡೆದುಕೊಳ್ಳುತ್ತದೆ. ಹಳೇ ಸ್ಕ್ರೂ ಜೇಬಿನಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ. ದಪ್ಪ, ಉದ್ದ, ಮೈಮೇಲಿನ ಸುರುಳಿ ಗೀರುಗಳ ಅಂತರ, ತಲೆಯ ಆಕಾರ ಎಲ್ಲ ಹೊಂದಬೇಕು. ಒಂದು ಮಿಲಿಮೀಟರ್ ಉದ್ದ ಜಾಸ್ತಿಯಾದರೂ ಆ ಕಡೆ ಚಾಚಿಕೊಂಡು ತಗಡಿಗೋ ರೀಡ್‌ಗೋ ತಾಗಬಹುದು. ಕನ್ನಡಕದ ಅಂಗಡಿ, ವಾಚ್ ರಿಪೇರಿ, ಮೊಬೈಲ್ ರಿಪೇರಿ, ಇಂಥ ಕಡೆ ಕೇಳಿ. ಬೆಂಗಳೂರಿಗೆ ಯಾರಾದರೂ ಹೋಗುವವರಿದ್ದರೆ ಬಿಡಿಭಾಗಗಳ ಅಂಗಡಿ ಸಾಲಿನ ಎಸ್‌ಪಿ ರೋಡ್ ಇದೆ. ಮ್ಯಾಗ್ನೆಟ್ ಒಂದು ಇಟ್ಟುಕೊಂಡಿರಿ. ಈ ದರ್ಜೆಯ ಸ್ಟೇನ್‌ಲೆಸ್ ಅದಕ್ಕೆ ಅಂಟುವುದಿಲ್ಲ, ಅಂಟಿದರೂ ಅಷ್ಟಕ್ಕಷ್ಟೆ. ಗಟ್ಟಿಯಾಗಿ ಎಳೆದುಕೊಂಡರೆ ಅದು ಹೊಳಪು ಕೊಟ್ಟ ಸಾದಾ ಉಕ್ಕು ಇರುವ ಸಾಧ್ಯತೆಯೇ ಜಾಸ್ತಿ. ಲ್ಯಾಪ್‌ಟಾಪಿನ ಕಪ್ಪು ಸ್ಕ್ರೂಗಳು ಸೈಜಿಗೆ ಹೊಂದಿದರೂ ಬೇಡ. ಹಿತ್ತಾಳೆ ಸ್ಕ್ರೂ ಸಿಕ್ಕರೆ ತುಕ್ಕಿನ ಪ್ರಶ್ನೆಯೇ ಇಲ್ಲ, ಆದರೆ ಅದು ಮೆತ್ತಗೆ, ತಲೆ ಬೇಗ ಸವೆಯುತ್ತದೆ. ವಾದ್ಯದ ಕಂಪನಿಯೇ ಮಾರುವ ಬಿಡಿಭಾಗ ಸಿಕ್ಕಿದರೆ ಅಳತೆಯ ತಲೆನೋವಿಲ್ಲ.

ಒಳಗಿನ ಸಣ್ಣ ಸ್ಕ್ರೂಗಳಿಗೆ ಒಂದು ಉಪಾಯ. ಎಲ್ಲವನ್ನೂ ಒಟ್ಟಿಗೆ ಬಿಚ್ಚಬೇಡಿ. ಒಂದನ್ನು ಬಿಚ್ಚಿ, ಅದೇ ಜಾಗಕ್ಕೆ ಹೊಸದು ಹಾಕಿ, ಆಮೇಲೆ ಮುಂದಿನದು. ಹೀಗೆ ಮಾಡಿದರೆ ರೀಡ್ ಪ್ಲೇಟ್ ಕೂತ ಜಾಗದಿಂದ ಕದಲುವುದಿಲ್ಲ. ಗಾಳಿ ಸೋರುವುದಿಲ್ಲ, ಸ್ವರದ ಗುಣವೂ ಹಾಗೇ ಉಳಿಯುತ್ತದೆ. ಹೊಸ ಸ್ಕ್ರೂ ಗೀರುಗಳಿಗೆ ಜೇನುಮೇಣ ಸ್ವಲ್ಪ ಸವರಿ, ತೇವ ಒಳಗೆ ಇಳಿಯುವುದು ಕಡಿಮೆಯಾಗುತ್ತದೆ, ಮುಂದೆ ಬಿಚ್ಚುವುದೂ ಸುಲಭ. ಹಾಕುವಾಗ ಮೊದಲು ಉಲ್ಟಾ ತಿರುಗಿಸಿ. ಒಂದು ಕಡೆ ಟಪ್ ಅಂತ ಕೂತ ಹಾಗೆ ಕೈಗೆ ಗೊತ್ತಾಗುತ್ತದೆ, ಹಳೇ ಗೀರಿಗೆ ಸರಿಯಾಗಿ ಸಿಕ್ಕಿತು ಅಂತ ಅರ್ಥ, ಅಲ್ಲಿಂದ ಮುಂದಕ್ಕೆ ಬಿಗಿ ಮಾಡಿ. ಪ್ಲಾಸ್ಟಿಕ್ಕಿಗೆ ನೇರವಾಗಿ ಕೂರುವ ಸ್ಕ್ರೂ ಆದರೆ ಇದು ಬಹಳ ಮುಖ್ಯ, ಇಲ್ಲದಿದ್ದರೆ ಹೊಸ ಗೀರು ಕೊರೆದುಕೊಂಡು ತೂತೇ ಸಡಿಲವಾಗುತ್ತದೆ. ಒಂದು ವೇಳೆ ಎಲ್ಲವನ್ನೂ ಬಿಚ್ಚಲೇಬೇಕಾಗಿ ಬಂದರೆ, ಮತ್ತೆ ಹಾಕುವಾಗ ನಡುವಿನಿಂದ ಶುರುಮಾಡಿ ಅಂಚಿನ ಕಡೆಗೆ ಬನ್ನಿ, ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಮೊಣಕೈ ಜೋರು ಬೇಡ, ಬೆರಳ ಜೋರು ಸಾಕು.

ತಗಡು ತೆಗೆದಾಗ ಒಳಗೆ ಕಂದು ಪುಡಿ ಉದುರಿದ್ದರೆ, ನಿಮ್ಮದು ಪ್ಲಾಸ್ಟಿಕ್ ಆದ್ದರಿಂದ ನೀರಿನಲ್ಲಿ ತೊಳೆಯಬಹುದು. ಉಗುರುಬೆಚ್ಚಗಿನ ನೀರು, ಬಿಸಿ ಬೇಡ. ತೊಳೆದ ಮೇಲೆ ತೂತುಗಳನ್ನು ಕೆಳಗೆ ಮಾಡಿ ಅಂಗೈಗೆ ತಟ್ಟಿ, ಫ್ಯಾನ್ ಕೆಳಗೆ ಪೂರ್ತಿ ಒಣಗಿದ ಮೇಲೇ ತಗಡು ಹಾಕಿ.

ಇನ್ನು ಮುಂದೆ ನುಡಿಸಿ ಮುಗಿಸಿದ ಕೂಡಲೇ ಬಾಕ್ಸ್ ಮುಚ್ಚುವ ಅಭ್ಯಾಸ ಬಿಡಿ. ನಿಮ್ಮ ಉಸಿರಿನ ತೇವವನ್ನು ನೀವೇ ಒಳಗೆ ಕೂಡಿಹಾಕಿದ ಹಾಗಾಗುತ್ತದೆ. ತಟ್ಟಿ, ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಹೊತ್ತು ನೆರಳಲ್ಲಿ ಗಾಳಿಗೆ ಬಿಟ್ಟು ಆಮೇಲೆ ಒಳಗಿಡಿ. ಮಳೆಗಾಲದಲ್ಲಿ ನುಡಿಸದೆ ಇಟ್ಟರೂ ಆಗಾಗ ತೆಗೆದು ನೋಡಿ. ಚಹಾ ಕುಡಿದು, ಬಜ್ಜಿ ತಿಂದು ಹಾಗೇ ನುಡಿಸುವವರು ಬಹಳ ಜನ, ಒಂದು ಸಲ ಬಾಯಿ ಮುಕ್ಕಳಿಸಿದರೆ ಏನು ಗಂಟು ಹೋಗುತ್ತದೆ?

ಪ್ರಶ್ನೆ: ನಮ್ಮ ಮಗನಿಗೆ ಈಗ ಒಂಬತ್ತು ವರ್ಷ. ಅವನ ಮೌತ್ ಆರ್ಗನ್ ಸ್ಕ್ರೂಗೆ ತುಕ್ಕು ಬಂದಿದೆ. ಬಾಯಿಗೆ ಇಟ್ಟರೆ ಧನುರ್ವಾಯು ಬರುತ್ತದೆ ಅಂತ ನಮ್ಮತ್ತೆ ಎಸೆಯಲು ಹೇಳುತ್ತಿದ್ದಾರೆ. ನಿಜವಾ? — ಶಿವಮೊಗ್ಗದ ಓದುಗರು

ಉತ್ತರ: ಎಸೆಯಬೇಡಿ. ಧನುರ್ವಾಯು ತುಕ್ಕಿನಿಂದ ಬರುವುದಿಲ್ಲ. ಮಣ್ಣು, ಸಗಣಿ, ಧೂಳಿನಲ್ಲಿರುವ ಒಂದು ಬ್ಯಾಕ್ಟೀರಿಯಾ ಗಾಯದ ಮೂಲಕ, ಅದರಲ್ಲೂ ಗಾಳಿಯಾಡದ ಆಳವಾದ ಗಾಯದ ಮೂಲಕ ಮೈಗೆ ಸೇರಿದರೆ ಬರುತ್ತದೆ. ನೆಲದಲ್ಲಿ ಬಿದ್ದ ತುಕ್ಕು ಮೊಳೆ ಕಾಲಿಗೆ ಚುಚ್ಚಿದರೆ ಹೆದರುವುದು ಮೊಳೆಗೆ ಮೆತ್ತಿದ ಮಣ್ಣಿನ ದೆಸೆಯಿಂದ. ಹಾಗಂತ ಅತ್ತೆಯವರ ಕಾಳಜಿಯನ್ನು ತಳ್ಳಿಹಾಕಬೇಡಿ, ಚುಚ್ಚುಮದ್ದಿನ ಕಾರ್ಡ್ ಒಮ್ಮೆ ತೆಗೆದು ನೋಡಿ. 5-6 ವರ್ಷಕ್ಕೆ ಡಿಪಿಟಿ ಬೂಸ್ಟರ್ ಆಗಿರಬೇಕು, 10 ಮತ್ತು 16 ವರ್ಷಕ್ಕೆ ಟಿಡಿ ಇದೆ, ಎರಡರಲ್ಲೂ ಧನುರ್ವಾಯುವಿನ ಲಸಿಕೆ ಸೇರಿದೆ. ಅವನ 10ರದ್ದು ಹತ್ತಿರವೇ ಬಂತು.

ತುಕ್ಕಿಗಿಂತ ನಾನು ಹೆಚ್ಚು ಗಮನಿಸುವುದು ಬೇರೆ ಎರಡನ್ನು. ಒಂದು, ಹಿತ್ತಾಳೆ ಭಾಗದಲ್ಲಿ ಹಸಿರು ಕಿಲುಬು. ಅದು ತಾಮ್ರದ ಉಪ್ಪು, ಬಾಯಿಗೆ ಹೋಗಬಾರದು. ಇನ್ನೊಂದು, ತುಟಿ ತಾಗುವ ತಗಡಿನ ಲೇಪ ಎದ್ದಿದ್ದರೆ ಅಂಚು ಕೊಯ್ಯಬಹುದು, ನಿಕ್ಕಲ್ ಆಗದ ಮಕ್ಕಳಿಗೆ ತುಟಿ ಸುತ್ತ ತುರಿಕೆಯೂ ಬರಬಹುದು. ಇವೆರಡೂ ಇಲ್ಲ, ಸ್ಕ್ರೂ ಮಾತ್ರ ಕಂದಾಗಿದೆ ಅಂದರೆ ಸ್ಕ್ರೂ ಬದಲಾಯಿಸಿ ಕೊಡಿ, ನುಡಿಸಲಿ. ಅಕ್ಕಪಕ್ಕದ ಮಕ್ಕಳ ಜೊತೆ ಬಾಯಿಂದ ಬಾಯಿಗೆ ಹಂಚಿಕೊಳ್ಳುವುದನ್ನು ಮಾತ್ರ ಬಿಡಿಸಿ.

ಪ್ರಶ್ನೆ: ನನ್ನದು 24 ತೂತಿನ ಟ್ರೆಮೊಲೊ. ಸ್ಕ್ರೂ ಬದಲಾಯಿಸಲು ಬಿಚ್ಚಿದಾಗ ಒಳಗಿನ ಹಿತ್ತಾಳೆ ಪ್ಲೇಟೆಲ್ಲ ಕಪ್ಪಾಗಿತ್ತು. ಅಜ್ಜಿ ದೀಪ ತಿಕ್ಕುವ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕು ಅಂದರು. ತಿಕ್ಕಬಹುದಾ? — ಬೆಂಗಳೂರಿನ ವಿದ್ಯಾರ್ಥಿ

ಉತ್ತರ: ದಯವಿಟ್ಟು ಬೇಡ. ಅಜ್ಜಿ ಹೇಳಿದ್ದು ದೀಪಕ್ಕೆ ಸರಿ. ದೀಪದ ಮೈಯಿಂದ ಸ್ವಲ್ಪ ಹಿತ್ತಾಳೆ ಸವೆದರೆ ಯಾರಿಗೂ ಗೊತ್ತಾಗುವುದಿಲ್ಲ, ರೀಡ್‌ನಿಂದ ಸವೆದರೆ ಕಿವಿಗೆ ಗೊತ್ತಾಗುತ್ತದೆ. ರೀಡ್ ಒಂದು ತುದಿಯಲ್ಲಿ ಕೂಡಿಸಿದ, ಇನ್ನೊಂದು ತುದಿ ಬಿಡಿಯಾಗಿರುವ ಪಟ್ಟಿ. ಬಿಡಿ ತುದಿಯಲ್ಲಿ ಲೋಹ ಕಡಿಮೆಯಾದರೆ ಸ್ವರ ಏರುತ್ತದೆ, ಬುಡದಲ್ಲಿ ಕಡಿಮೆಯಾದರೆ ಇಳಿಯುತ್ತದೆ. ಕಾರ್ಖಾನೆಯಲ್ಲಿ ಶ್ರುತಿ ಮಾಡುವುದೇ ಹೀಗೆ ಕೆರೆದು. ನಿನ್ನ ಟ್ರೆಮೊಲೊದಲ್ಲಿ ಇನ್ನೂ ಸೂಕ್ಷ್ಮ, ಒಂದೇ ಸ್ವರಕ್ಕೆ ಎರಡು ರೀಡ್ ಇರುತ್ತವೆ, ಒಂದರ ಶ್ರುತಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಬೇರೆ. ಆ ವ್ಯತ್ಯಾಸದಿಂದಲೇ ಅಲೆ ಅಲೆಯಾಗಿ ಕೇಳುವ ಆ ನಾದ ಬರುವುದು. ಅದರ ಮೇಲೆ ನಾರು ಹಾಕಿ ತಿಕ್ಕಿದರೆ ಏನಾಗುತ್ತದೆ ಯೋಚನೆ ಮಾಡು. ಸಾಲದ್ದಕ್ಕೆ ಹುಣಸೆಯ ನಾರು, ಬೀಜದ ಸಿಪ್ಪೆ ರೀಡ್ ಸಂದಿಗೆ ಹೋಗಿ ಕೂರುತ್ತವೆ.

ಕಪ್ಪು ಬಣ್ಣ ಹಾಗೇ ಇರಲಿ. ಅದು ಹಿತ್ತಾಳೆಯ ಮೇಲೆ ಗಾಳಿಯಿಂದ ಬಂದ ತೆಳು ಪದರ, ಸ್ವರಕ್ಕೆ ತೊಂದರೆ ಕೊಡುವುದಿಲ್ಲ. ಹಸಿರು ಬಂದಿದ್ದರೆ ಮಾತ್ರ ಆ ಜಾಗಕ್ಕೆ ನೀರು ಬೆರೆಸಿದ ವಿನೆಗರ್ ಅನ್ನು ಹತ್ತಿ ಕಡ್ಡಿಯಲ್ಲಿ ಮುಟ್ಟಿಸಿ, ನೀರಿನಲ್ಲಿ ತೊಳೆದು ಒಣಗಿಸು. ಹತ್ತಿ ಕಡ್ಡಿ ರೀಡ್ ಮೇಲೆ ಹೋಗಬಾರದು, ಎಳೆ ಸಿಕ್ಕಿಕೊಂಡು ರೀಡ್ ಎದ್ದುಬಿಡುತ್ತದೆ. ರೀಡ್ ಮೇಲೆ ಏನಾದರೂ ಮೆತ್ತಿದ್ದರೆ ಮೆತ್ತನೆಯ ಬ್ರಷ್‌ನಲ್ಲಿ ಬುಡದಿಂದ ಬಿಡಿ ತುದಿಯ ಕಡೆಗೆ ಒಂದೇ ದಿಕ್ಕಿನಲ್ಲಿ ಸವರು, ಅಡ್ಡಡ್ಡ ಅಲ್ಲ.

ಪ್ರಶ್ನೆ: ನಮ್ಮ ತಂದೆಯವರ ಹಳೇ ಹೋನರ್ ಮರೀನ್ ಬ್ಯಾಂಡ್ ಇದೆ. ಅದರಲ್ಲಿ ಸ್ಕ್ರೂಗಳೇ ಇಲ್ಲ, ಸಣ್ಣ ಮೊಳೆಗಳು, ಅವಕ್ಕೂ ತುಕ್ಕು. ಮೊಳೆ ತೆಗೆದು ಸ್ಕ್ರೂ ಹಾಕಿಸಲೇ? — ಧಾರವಾಡದ ಹಿರಿಯ ಓದುಗರು

ಉತ್ತರ: ಅದು ಹಾಗೇ ಬಂದದ್ದು ಸರ್, ಯಾರೂ ಬದಲಾಯಿಸಿದ್ದಲ್ಲ. ಹೋನರ್ ಕಂಪನಿ 1857ರಲ್ಲಿ ಜರ್ಮನಿಯ ಟ್ರೋಸಿಂಗೆನ್‌ನಲ್ಲಿ ಶುರುವಾಯಿತು, ಮರೀನ್ ಬ್ಯಾಂಡ್ 1896ರ ಮಾದರಿ. ಪೇರ್ ಮರದ ಚೌಕಟ್ಟು, ಮೊಳೆ ಹೊಡೆದ ಪ್ಲೇಟು. ಸ್ಕ್ರೂ ಹಾಕಿದ ಡೀಲಕ್ಸ್, ಕ್ರಾಸ್ಓವರ್ ಮಾದರಿಗಳು ಬಂದದ್ದು ಈ ಶತಮಾನದಲ್ಲಿ.

ನುಡಿಸಲು ಬರುತ್ತಿದ್ದರೆ ಕೈ ಹಾಕಬೇಡಿ ಅನ್ನುವುದು ನನ್ನ ಅಭಿಪ್ರಾಯ. ಸ್ಕ್ರೂ ಹಾಕಿಸಲು ಹಿತ್ತಾಳೆ ಪ್ಲೇಟಿನಲ್ಲಿ ತೂತು ದೊಡ್ಡದು ಮಾಡಿ, ಗೀರು ಕೊರೆಯಬೇಕು. ರೂಢಿ ಇದ್ದವರು ಚೆನ್ನಾಗಿ ಮಾಡುತ್ತಾರೆ, ಇಲ್ಲದವರ ಕೈಗೆ ತಂದೆಯವರ ವಾದ್ಯ ಕೊಡುವುದು ಬೇಡ. ಮೊಳೆಯ ತಲೆ ಮೇಲೆ ಲಿಕ್ವಿಡ್ ಪ್ಯಾರಾಫಿನ್ ಒಂದಿಷ್ಟು ಸವರಿ ಒರೆಸಿಬಿಡಿ, ತುಕ್ಕು ಮುಂದುವರಿಯುವುದು ನಿಧಾನವಾಗುತ್ತದೆ. ಒಂದು ವೇಳೆ ತಗಡು ಸಡಿಲವಾಗಿ ಅಲ್ಲಾಡುತ್ತಿದ್ದರೆ, ತೆಳ್ಳನೆಯ ಚಾಕುವನ್ನು ತಗಡಿನ ಕೆಳಗೆ ತೂರಿಸಿ, ಈ ಬದಿ ಒಂಚೂರು ಆ ಬದಿ ಒಂಚೂರು ಎತ್ತುತ್ತಾ ಬನ್ನಿ. ಕಾಗದದ ಮೇಲೆ ವಾದ್ಯದ ಚಿತ್ರ ಬರೆದು, ಮೊಳೆಗಳನ್ನು ಬಂದ ಜಾಗದಲ್ಲೇ ಜೋಡಿಸಿಡಿ, ಅದೇ ತೂತಿಗೆ ಅದೇ ಮೊಳೆ ಹೋಗಬೇಕು. ಮತ್ತೆ ಹಾಕುವಾಗ ಸಡಿಲ ಅನ್ನಿಸಿದರೆ ಮೊಳೆಯನ್ನು ತೀರಾ ಸ್ವಲ್ಪ ಬಗ್ಗಿಸಿದರೆ ಹಿಡಿದುಕೊಳ್ಳುತ್ತದೆ. ಮೇಲೆ ಕುಂದಾಪುರದವರಿಗೆ ನೀರಿನಲ್ಲಿ ತೊಳೆಯಿರಿ ಅಂದದ್ದು ನಿಮಗೆ ಅಲ್ಲ. ಮರ ನೀರು ಕುಡಿದರೆ ಉಬ್ಬುತ್ತದೆ, ತೂತುಗಳ ನಡುವಿನ ಗೋಡೆ ಮುಂದಕ್ಕೆ ಚಾಚಿ ತುಟಿ ಕೊಯ್ಯುತ್ತದೆ, ಒಣಗಿದಾಗ ಬಿರುಕು.

ಪ್ರಶ್ನೆ: ತೇವ ಎಳೆಯಲು ಬಾಕ್ಸನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೆ ಆಗದೇ? — ಕಾರವಾರದ ಓದುಗರು

ಉತ್ತರ: ಅಕ್ಕಿ ಹುಡಿ ಒಳಗೆ ಹೋದರೆ ಸ್ವರ ಕಟ್ಟುತ್ತದೆ, ಹುಳವೂ ಬರಬಹುದು. ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಎತ್ತಿಡಿ. ಗಾಳಿಯಾಡದ ಊಟದ ಡಬ್ಬಿಯಲ್ಲಿ ಒಂದೆರಡು ಪೊಟ್ಟಣ ಹಾಕಿ, ಮೌತ್ ಆರ್ಗನ್ ಪೂರ್ತಿ ಒಣಗಿದ ಮೇಲೆ ಅದರಲ್ಲಿಟ್ಟು ಮುಚ್ಚಿ. ಮರದ ಚೌಕಟ್ಟಿನದ್ದಾದರೆ ಒಂದೇ ಪೊಟ್ಟಣ ಸಾಕು, ಅತಿಯಾಗಿ ಒಣಗಿದರೂ ಮರಕ್ಕೆ ಒಳ್ಳೆಯದಲ್ಲ. ಪೊಟ್ಟಣಗಳು ಒಂದು ಹಂತದ ಮೇಲೆ ತೇವ ಎಳೆಯುವುದನ್ನು ನಿಲ್ಲಿಸುತ್ತವೆ, ಆಗಾಗ ಬದಲಾಯಿಸಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಡಬ್ಬಿ ಅವರ ಕೈಗೆ ಸಿಗದ ಹಾಗೆ ಮೇಲಿಡಿ.